ತಿರುವಿನಲ್ಲಿ ಒಂದು ಬೆರಳು ಜಾಗ

ಮೊದಲು ಬಳೆಗೆ ಬಳೆ ತಾಗಿದಷ್ಟು ಸಣ್ಣ ಸದ್ದು ಬಂತು. ಆಮೇಲೆ ನೀಲಿ ಬೋಗಿ ವಾಲಿ ಬಿತ್ತು. ಅದರ ಹಿಂದೆ ಇನ್ನೆರಡು.

ಸಿದ್ದರಾಮ ಸ್ವಿಚ್ ಆರಿಸಿದ. ಆರಿಸಿದ್ದು ಖಾತ್ರಿಯಾಗದೆ ಇನ್ನೊಮ್ಮೆ ನೋಡಿದ. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಯಾರೋ ನೋಡಿದಂತೆನಿಸಿ ಅವನ ಕಿವಿ ಬಿಸಿಯಾಯಿತು.

ಬೈಲಹೊಂಗಲಕ್ಕೆ ರೈಲು ಬಂದಿಲ್ಲ. ಅದಕ್ಕೇ ನಿವೃತ್ತ ಸ್ಟೇಶನ್ ಮಾಸ್ತರ ನಿಜಗುಣಪ್ಪನವರು ತಮ್ಮ ಪಡಸಾಲೆಗೇ ಪುಟ್ಟ ಆಟದ ರೈಲು ತರಿಸಿಕೊಂಡಿದ್ದರು. ಉದ್ದನೆಯ ಮೇಜಿನ ಮೇಲೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಪುಟ್ಟ ನಿಲ್ದಾಣಗಳು. ಹೋಗಲು ಒಂದು ಹಳಿ, ಬರಲು ಒಂದು. ನಾಳೆ ಭಾನುವಾರ ಹತ್ತು ಗಂಟೆಗೆ ಸಾಲೆಯ ಮಕ್ಕಳು ನೋಡಲು ಬರುವವರಿದ್ದರು.

ಮೇಜು, ಹಳಿಗಳ ಕೆಲಸ ಫರ್ನಿಚರ್ ಅಂಗಡಿಯ ಸಿದ್ದರಾಮನದು. ಗುಡ್ಡ, ಹೊಲಗಳನ್ನು ಬಟ್ಟೆಯಲ್ಲಿ ಮಾಡಿದವಳು ಎದುರು ಓಣಿಯಲ್ಲಿ ಹೊಲಿಗೆ ಮಾಡುವ ಶೈಲಜಾ. ಮೂರು ವಾರ ಸಂಜೆ ಸಂಜೆ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತಿದ್ದರು. ಅವಳು ಹಲ್ಲಿನ ನಡುವೆ ದಾರ ಕಚ್ಚಿಕೊಂಡು ತಲೆ ಎತ್ತಿದಾಗಲೆಲ್ಲ ಅವನು ಅಳತೆಪಟ್ಟಿ ನೋಡುತ್ತಿದ್ದ. ಅಳತೆ ಮರೆಯುತ್ತಿತ್ತು.

ನೇರ ದಾರಿಯಲ್ಲಿ ಎರಡು ಹಳಿಗಳ ನಡುವೆ ಐದು ಸೆಂಟಿಮೀಟರ್ ಸಾಕು. ತಿರುವಿನಲ್ಲಿ ಸಾಲದು. ಹಳಿ ಬಾಗುತ್ತದೆ, ಬೋಗಿ ಬಾಗುವುದಿಲ್ಲ. ಅದರ ಹೊಟ್ಟೆ ಒಳಕ್ಕೆ ಚಾಚುತ್ತದೆ, ಮೂಲೆಗಳು ಹೊರಕ್ಕೆ. ಅಲ್ಲಿ ಇನ್ನೊಂದು ಬೆರಳು ಜಾಗ ಬಿಡಬೇಕೆಂದು ಮಾಸ್ತರರು ಮೊದಲ ದಿನವೇ ಹೇಳಿದ್ದರು.

ಸಿದ್ದರಾಮನಿಗೆ ಅದು ಗೊತ್ತಿತ್ತು. ಆದರೆ ಸವದತ್ತಿಯ ತಿರುವಿಗೆ ಹೊರಹಳಿ ಹಾಸಲು ಬಂದಾಗ ಅಲ್ಲಿ ಶೈಲಜಾಳ ಗುಡ್ಡ ನಿಂತಿತ್ತು. ಹನ್ನೆರಡು ದಿನದ ಕೆಲಸ. ಮಣ್ಣಿನ ಬಣ್ಣದ ತುಂಡುಗಳು, ತುದಿಯವರೆಗೆ ಬಿಳಿ ದಾರದ ಮೆಟ್ಟಿಲುಗಳು. ಜಾಗ ಸಾಲುತ್ತದೆಯೇ ಎಂದು ಅವಳೇ ಕೇಳಿದ್ದಳು. ಸಾಲುತ್ತದೆ ಎಂದುಬಿಟ್ಟಿದ್ದ. ಹಳಿಯನ್ನು ಒಳಕ್ಕೆ ಒತ್ತಿ ಮೊಳೆ ಹೊಡೆದ. ಎಂಜಿನ್ನುಗಳನ್ನು ಮಾತ್ರ ಓಡಿಸಿ ನೋಡಿದ. ಅವು ಗಿಡ್ಡ, ದಾಟಿದವು. ಉದ್ದನೆಯ ಬೋಗಿಗಳು ಪಾರ್ಸಲ್‌ನಲ್ಲಿ ಬಂದಿದ್ದು ಇವತ್ತು ಮಧ್ಯಾಹ್ನ.

ನಾಳೆ ನಾಲ್ಕು ಗಂಟೆಗೆ ಶೈಲಜಾಳನ್ನು ನೋಡಲು ರಾಮದುರ್ಗದ ಗಂಡಿನವರು ಬರುತ್ತಾರೆಂಬ ಮಾತೂ ಅವನ ಕಿವಿಗೆ ಬಿದ್ದಿತ್ತು. ಹಳಿ ಸರಿಸಲು ಗುಡ್ಡ ಹರಿದರೆ ಅವಳ ನೆನಪಿನಲ್ಲಿ ತಾನು ಉಳಿಯುವುದು ಗುಡ್ಡ ಹರಿದವನಾಗಿಯೇ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಶೈಲಜಾ ನಿಲ್ದಾಣಕ್ಕೆಂದು ಹೊಲಿದ ಸಣ್ಣ ಹಸಿರು ಬಾವುಟ ಹಿಡಿದು ಬಂದಳು. ಬಿದ್ದ ಬೋಗಿಗಳನ್ನು ನೋಡಿದಳು, ಅವನ ಮುಖ ನೋಡಿದಳು.

"ಎಲ್ಲಿ ತಾಗಿತ್ರಿ?"

"ಗುಡ್ಡದ ತಿರುವಿನ್ಯಾಗ."

"ಹಂಗಾರ ನನ್ನ ಗುಡ್ಡದ್ದ ತಪ್ಪು ಅನ್ರಿ." ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತ್ತು. ಗಾಬರಿಯಲ್ಲಿ ಅದು ಅವನಿಗೆ ಕಾಣಲಿಲ್ಲ.

"ಅಲ್ರಿ, ನನ್ನದು. ಜಾಗಾ ಸಾಲೂದಿಲ್ಲ ಅಂತ ಅವತ್ತ ಗೊತ್ತಿತ್ತು. ನಿಮ್ಮ ಗುಡ್ಡ ಹಿಂದ ಸರಸ್ರಿ ಅನ್ನಾಕ ಬಾಯಿ ಬರಲಿಲ್ಲ."

ಅವಳು ಚೀಲದಿಂದ ಕತ್ತರಿ ತೆಗೆದಳು. ಬೇಡ, ಹೇಗಾದರೂ ಮಾಡುತ್ತೇನೆ ಎಂದು ಸಿದ್ದರಾಮ ಹೇಳುತ್ತಿರುವಾಗಲೇ ಅವಳು ಗುಡ್ಡದ ಬುಡದ ಉದ್ದುದ್ದ ಕಚ್ಚಾ ಹೊಲಿಗೆಯನ್ನು ಚಟಚಟನೆ ಬಿಚ್ಚಿದಳು. ಅಂಚನ್ನು ಒಳಕ್ಕೆ ಮಡಚಿದಳು. ಗುಡ್ಡದ ತಂತಿಯ ಚೌಕಟ್ಟು ಎರಡು ಬೆರಳು ಹಿಂದೆಯೇ ನಿಂತಿತ್ತು. ಹಳಿಯ ಪಕ್ಕದಲ್ಲಿದ್ದದ್ದು ಬರೀ ಬಟ್ಟೆ. ಅಂಟು ಹಚ್ಚಿರಲೇ ಇಲ್ಲ.

"ಜಂಪರಿಗೆ ಒಳಗ ಬಟ್ಟಿ ಬಿಡ್ತೇವಲ್ರಿ, ನಾಳೆ ಬಿಚ್ಚಾಕ ಬರ್ಲಿ ಅಂತ," ಎಂದಳು ತಲೆ ಎತ್ತದೆ. "ಇಲ್ಲೂ ಬಿಟ್ಟಿದ್ದೆ. ನೀವು ಕೇಳ್ತೀರಿ ಅಂತ ದಿನಾ ನೋಡಿದೆ."

ಸಿದ್ದರಾಮ ಮೊಳೆ ಕಿತ್ತ. ಅವಳು ಹಳಿಯ ತುದಿ ಹಿಡಿದಳು. ಹೊರಹಳಿ ಹೊರಕ್ಕೆ ಸರಿಯಿತು, ಸಾಲದ ಕಡೆ ಒಂದು ತುಣುಕು ಸೇರಿತು. ಅವನು ಮೂರು ಕಡೆ ಅಳೆದ, ನಾಲ್ಕನೆಯ ಕಡೆಯೂ ಅಳೆದ. ಸಾಕು ಬಿಡ್ರಿ ಎಂದು ಅವಳು ನಕ್ಕಾಗ ಬಿದ್ದ ಬೋಗಿಗಳನ್ನು ಹಳಿಗೇರಿಸಿ ಸ್ವಿಚ್ ಹಾಕಿದ.

ಕಿತ್ತೂರಿನ ಗಾಡಿ ಬಂತು, ರಾಮದುರ್ಗದ ಗಾಡಿ ಬಂತು. ಇಬ್ಬರೂ ಉಸಿರು ಹಿಡಿದು ಬಗ್ಗಿದರು. ತಿರುವಿನಲ್ಲಿ ಬೋಗಿ ಬೋಗಿಯ ಪಕ್ಕಕ್ಕೆ ಬಂತು. ನಡುವಿನ ಸಂದಿಯಲ್ಲಿ ಅವಳ ಹಳದಿ ದುಪಟ್ಟಾ ಕಂಡಿತು. ತಾಗಲಿಲ್ಲ.

"ಮತ್ತೇನರ ಕೇಳೂದು ಉಳದೈತೇನ್ರಿ?" ಅವಳ ಕಣ್ಣು ಗಾಡಿಯ ಮೇಲಿತ್ತು.

ಸಿದ್ದರಾಮ ಅಳತೆಪಟ್ಟಿ ಕೆಳಗಿಟ್ಟ. ಕೈಯಲ್ಲಿದ್ದ ಮೊಳೆಗಳು ಬೆವರಿನಲ್ಲಿ ಒದ್ದೆಯಾಗಿದ್ದವು.

"ರಾಮದುರ್ಗದವ್ರಿಗೆ ಬರಬ್ಯಾಡ್ರಿ ಅನ್ನಾಕ ಆಗ್ತೈತೇನ್ರಿ? ನಾ ಬರತೇನಿ. ನಮ್ಮವ್ವನ್ನ ದೊಡವಾಡದಿಂದ ಕರ್ಕೊಂಡು."

ಶೈಲಜಾಳ ಕಣ್ಣೆದುರು ಗಾಡಿ ಇನ್ನೊಂದು ಸುತ್ತು ಹಾಕಿತು. ಅಷ್ಟರಲ್ಲಿ ಸಿದ್ದರಾಮ ತಾನಾಡಿದ ಪ್ರತಿ ಮಾತಿಗೂ ಪಶ್ಚಾತ್ತಾಪಪಟ್ಟಿದ್ದ.

"ಅವ್ರಿಗೆ ಬರ್ರಿ ಅಂತ ಇನ್ನಾ ಹೇಳಿಲ್ಲ," ಎಂದಳು. "ಶನಿವಾರ ಸಂಜೀತನ ತಡಿ ಅಂತ ಅವ್ವಗ ಅಂದಿದ್ದೆ."

ಇವತ್ತು ಶನಿವಾರ. ಕಿಟಕಿಯ ಬಿಸಿಲು ಇನ್ನೂ ಮೇಜಿನ ಮೇಲಿತ್ತು.

ಅವಳು ಹಸಿರು ಬಾವುಟವನ್ನು ಅವನ ಅಂಗೈಯಲ್ಲಿಟ್ಟಳು. ನಿಲ್ದಾಣದಲ್ಲಿ ನೆಡಿ ಎಂದು ಹೇಳಲೋ, ಬೇರೇನೋ ಹೇಳಲೋ ಎಂಬಂತೆ ಒಂದು ಗಳಿಗೆ ಬೆರಳು ಅಲ್ಲೇ ಬಿಟ್ಟಳು.

"ನಾಕಕ್ಕ ಬರ್ರಿ," ಎಂದಳು. "ಬಸ್ ತಪ್ಪಿತು ಅನಬ್ಯಾಡ್ರಿ ಮತ್ತ."