ಬಾಣಂತಿ ಕೋಣೆಗೆ ಕೂರಿಸಿದ ಒಲೆ

೧೯೫೮ರ ಪುಷ್ಯಮಾಸ. ಶನಿವಾರಸಂತೆಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಕಾಂತಮ್ಮನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು ಅಂಗೈ ಮೇಲೆ ಮಲಗುವಷ್ಟಿತ್ತು.

"ಕೋಣೆ ಬೆಚ್ಚಗಿದ್ರೆ ಕೂಸು ಉಳಿಯುತ್ತೆ" ಎಂದಳು ಸೂಲಗಿತ್ತಿ.

ಖಾಲಿ ಬಿದ್ದಿದ್ದ ಎಸ್ಟೇಟ್ ಬಂಗಲೆಯಿಂದ ಕಬ್ಬಿಣದ ಒಲೆಯೊಂದನ್ನು ಕೇಳಿ ತಂದೆ. ಭಾವಮೈದ ಮರುಳಸಿದ್ದಪ್ಪನೂ ನಾನೂ ಗೋಡೆ ಕೊರೆದು, ಹೊಗೆ ಕೊಳವೆಯನ್ನು ಹೊರಕ್ಕೆ ಬಿಟ್ಟೆವು. ಮಧ್ಯಾಹ್ನ ಇದ್ದಿಲು ಹೊತ್ತಿಸಿ, ಕಿಟಕಿ ಮುಚ್ಚಿದೆ.

ಸ್ವಲ್ಪ ಹೊತ್ತಿಗೆ ಕಿಟಕಿ ತೆರೆದಿತ್ತು. ಮುಚ್ಚಿ ಚಿಲಕ ಹಾಕಿದೆ. ನಾನು ನೋಡುತ್ತಿದ್ದಂತೆಯೇ ಚಿಲಕ ಮೆಲ್ಲಗೆ ಸರಿದು, ತಣ್ಣನೆ ಗಾಳಿ ಒಳಗೆ ನುಗ್ಗಿತು.

"ಯಾರ್ರೀ ಅದು ಕೆಮ್ತಿರೋದು?" ಕಾಂತಮ್ಮ ಮಂಪರಿನಲ್ಲೇ ಕೇಳಿದಳು.

ನನಗೂ ಕೇಳಿಸಿತು. ಮುದುಕಿಯೊಬ್ಬಳ ಒಣ ಕೆಮ್ಮು, ಕೊಳವೆಯ ಒಳಗಿನಿಂದ. ಎದ್ದು ಮುಟ್ಟಿದೆ. ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿದ್ದರೂ ಕೊಳವೆ ತಣ್ಣಗಿತ್ತು. ನನ್ನ ತಲೆ ಗಿರ್ರೆಂದಿತು.

"ಭಾವ, ಹೊಗೆ ಹೊರಗೆ ಹೋಗ್ತಿಲ್ಲ! ಕೂಸನ್ನ ಎತ್ಕಳಿ!" ಎಂದು ಕೂಗುತ್ತಾ ಅಂಗಳದಿಂದ ಓಡಿಬಂದ ಮರುಳಸಿದ್ದಪ್ಪ, ಅಕ್ಕನನ್ನು ಹಿಡಿದು ಜಗಲಿಗೆ ನಡೆಸಿದ.

ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡೆ. ಅದರ ತಲೆಗೆ, ನಾವ್ಯಾರೂ ಎಂದೂ ಕಾಣದ ಕಪ್ಪು ಉಣ್ಣೆಯ ಟೋಪಿಯೊಂದನ್ನು ಯಾರೋ ಹಾಕಿದ್ದರು.

ಕೊಳವೆ ಬಿಚ್ಚಿದರೆ ಅದರ ತಿರುವಿನಲ್ಲಿ ಹಳೆಯ ಹಕ್ಕಿಗೂಡು ಸಿಕ್ಕಿಕೊಂಡಿತ್ತು; ಇದ್ದಿಲಿನ ವಿಷಗಾಳಿಯೆಲ್ಲ ಕೋಣೆಯೊಳಗೇ ತುಂಬುತ್ತಿತ್ತು. ಅದನ್ನು ತೆಗೆದು, ಕಿಟಕಿಯನ್ನು ಬೆರಳಗಲ ತೆರೆದಿಟ್ಟು ಮತ್ತೆ ಬೆಂಕಿ ಹಾಕಿದೆವು. ಕಿಟಕಿ ಆಮೇಲೆ ಅಲುಗಲಿಲ್ಲ. ಮಗು ಉಳಿಯಿತು, ಬೆಳೆಯಿತು. ಈಗ ಅವಳಿಗೂ ಒಬ್ಬ ಮಗನಿದ್ದಾನೆ.

ಟೋಪಿ ಯಾರದೆಂದು ಊರೆಲ್ಲ ವಿಚಾರಿಸಿದೆವು, ತಿಳಿಯಲಿಲ್ಲ. ಚಳಿಗಾಲದ ಬೆಳಗ್ಗೆ ಟ್ರಂಕಿನಿಂದ ತೆಗೆದರೆ, ಉಳಿದ ಬಟ್ಟೆಗಳೆಲ್ಲ ಥಂಡಿ ಹಿಡಿದಿರುತ್ತವೆ. ಅದು ಮಾತ್ರ ಬೆಚ್ಚಗಿರುತ್ತದೆ.