ಗಂಗಾಂಬಿಕಾ ಕುಡಿಯದ ನೀರು

ಕೊಟ್ಟೂರಿನ ಹೈಸ್ಕೂಲಿನಲ್ಲಿ ಅಂಜಿನಿ ವಿಜ್ಞಾನ ಹೇಳುತ್ತಿದ್ದ, ಗಂಗಾಂಬಿಕಾ ಕನ್ನಡ. ಅವನ ಕಣ್ಣು ಅವಳ ಹಿಂದೆ, ಅವಳ ಕಣ್ಣು ಅವನ ಹಿಂದೆ. ಇಡೀ ಸ್ಟಾಫ್ ರೂಮಿಗೆ ಗೊತ್ತಿದ್ದ ಗುಟ್ಟು ಅದು. ಆದರೂ ಅವನು ಕೊಟ್ಟ ಚಹಾವನ್ನು ಅವಳು ಒಂದು ದಿನವೂ ಕುಡಿದವಳಲ್ಲ.

ನಿನ್ನೆ ಅವ್ವನಿಗೆ ತೋರಿಸಲೆಂದು ಕೂಡ್ಲಿಗಿಯ ಮನೆಗೆ ಕರೆದುಕೊಂಡು ಹೋಗಿದ್ದ. ಅವ್ವ ಪಕ್ಕೀರಮ್ಮ ಕೊಟ್ಟ ನೀರನ್ನು ಅವಳು ತುಟಿಗೆ ಸೋಕಿಸದೆ ಹಾಗೇ ಕೆಳಗಿಟ್ಟಳು. ಅಯ್ಯನೋರ ಮನೆಯ ಹುಡುಗಿಗೆ ನಮ್ಮ ಕೇರಿಯ ನೀರು ಹೇಗೆ ಇಳಿದೀತು ಎಂದು ಅವ್ವ ಆಮೇಲೆ ಕಣ್ಣೊರೆಸಿಕೊಂಡಳು. ಅಂಜಿನಿ ರಾತ್ರಿಯೆಲ್ಲ ಕುದ್ದುಹೋದ.

ಇವತ್ತು ಮಕ್ಕಳು ಮನೆಗೆ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ.

“ನಮ್ಮ ಮನಿ ನೀರು ಬ್ಯಾಡಾದ್ರ ನಾನೂ ಬ್ಯಾಡ್ರಿ, ಮೇಡಂ. ಇಲ್ಲಿಗೆ ಮುಗೀತು.”

ಅವಳು ಅಳಲಿಲ್ಲ. ಅವನೇ ಬರೆದ ಥೈರಾಯ್ಡ್ ಗ್ರಂಥಿ ಬೋರ್ಡಿನ ಮೇಲೆ ಚಿಟ್ಟೆಯಂತೆ ರೆಕ್ಕೆ ಬಿಚ್ಚಿಕೊಂಡಿತ್ತು. ಅದನ್ನು ತೋರಿಸಿ, ನುಂಗಿದಾಗ ಇದು ಏನಾಗುತ್ತದೆ ಎಂದು ಕೇಳಿದಳು. ಸಿಟ್ಟಿನಲ್ಲೂ ಮೇಷ್ಟ್ರು ಮೇಷ್ಟ್ರೇ. ಉಸಿರುನಾಳಕ್ಕೆ ಅಂಟಿಕೊಂಡಿರುವುದರಿಂದ ಮೇಲೆ ಹೋಗಿ ಕೆಳಗೆ ಬರುತ್ತದೆ ಎಂದ.

ಅವಳು ಕುತ್ತಿಗೆಯ ವೇಲ್ ಸರಿಸಿ, ಅವನ ನೀರಿನ ಬಾಟಲಿ ಎತ್ತಿ ಕುಡಿದಳು. ಕಂಡೂ ಕಾಣದಂತಿದ್ದ ಅಡಿಕೆಯಷ್ಟು ಗಂಟೊಂದು ಗಂಟಲಲ್ಲಿ ಏರಿ ಇಳಿಯಿತು. ಪಾಠ ಹೇಳುವ ಮಹಾಶಯ ಕಣ್ಣಿದ್ದೂ ಕುರುಡನಾಗಿದ್ದ.

ಹಿಂದೊಮ್ಮೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಎದುರು ಕಾಫಿ ಕುಡಿದಿದ್ದಳಂತೆ. ಗಂಟು ಏರಿದ್ದು ಕಂಡದ್ದೇ ಅವರು ಎದ್ದು ಹೋದರಂತೆ. ಅಂದಿನಿಂದ ಯಾರೆದುರೂ ಒಂದು ಗುಟುಕು ನುಂಗಿಲ್ಲ.

“ಥೈರಾಯ್ಡ್ ಅಂದ್ರ ಗ್ರೀಕ್ ಭಾಷಾದಾಗ ಗುರಾಣಿಯಂಥದ್ದು ಅಂತ ಹುಡುಗರಿಗೆ ಹೇಳಿದ್ರಿ. ನನ್ನ ಕಾಯಲಿಲ್ಲ ನೋಡ್ರಿ ಅದು.”

ಸೋಮವಾರ ದಾವಣಗೆರೆಯಲ್ಲಿ ಆಪರೇಷನ್. ಗ್ರಂಥಿಯ ಹಿಂದೆಯೇ ದನಿಯ ನರ ಹಾದುಹೋಗಿದೆ, ಅದಕ್ಕೆ ಪೆಟ್ಟಾದರೆ ದನಿ ಹೋಗಲೂಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅಂಜಿನಿ ಅವಳ ಎರಡೂ ಕೈ ಹಿಡಿದುಕೊಂಡ.

“ದನಿ ಇರ್ಲಿ, ಬಿಡ್ಲಿ. ನೀ ನನಗ ಬೇಕು. ಅವ್ವಗ ನಾನ ಹೇಳ್ತೀನಿ.”

“ಮದುವಿ ಆದ ಮ್ಯಾಲೆ ಹೆಸರು ಹಿಡಿದು ಕರಿಯಂಗಿಲ್ಲ. ಅದಕ್ಕೂ ಮೊದಲ ದನಿ ಹೋದ್ರ ಏನು ಮಾಡ್ಲಿ? ಈಗ ಕರೀತೀನಿ.”

ಇಲ್ಲಿಯವರೆಗೆ ಸರ್ ಎಂಬುದರಾಚೆ ಹೋಗದವಳು “ಅಂಜಿನಿ” ಎಂದಳು. ಮತ್ತೆ, “ಅಂಜಿನಿ.” ಓ ಎಂದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಹೆದರಿ ಅವನು ಓಗೊಡಲೇ ಇಲ್ಲ.