ಎಡಗಡೆಯ ಹೊಗೆ ಕೊಳವೆಗಳು

"ಬರೀಲೇನು?" ಎಂದು ಕೇಳಿದ ರೇವಣಸಿದ್ದ ಉತ್ತರಕ್ಕೂ ಕಾಯದೆ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದ.

ಸಮರ್ಥನ ಮನೆಯ ಹಾಲಿನಲ್ಲಿ, ಹಳೆಯ ಪೇಪರಿನ ಮೇಲೆ ವಿಮಾನ ನಿಂತಿತ್ತು. ಎರಡನೇ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್. ಪೂರ್ತಿ ಕಾಗದದ್ದು. ಆರ್‌ಪಿಸಿ ಲೇಔಟಿನ ಸೈಬರ್ ಸೆಂಟರಿನಲ್ಲಿ ದಪ್ಪ ಹಾಳೆಯ ಮೇಲೆ ಕಲರ್ ಪ್ರಿಂಟ್ ತೆಗೆಸಿದ್ದು ಸಮರ್ಥ. ಗೆರೆ ತಪ್ಪದ ಹಾಗೆ ಬ್ಲೇಡಿನಲ್ಲಿ ಕತ್ತರಿಸಿದ್ದು ರೇವಣಸಿದ್ದ. ಮಡಚುವ, ಅಂಟಿಸುವ ಕೆಲಸ ಇಬ್ಬರದೂ. ಶನಿವಾರ ಸ್ಕೂಲಿನಲ್ಲಿ ಎಕ್ಸಿಬಿಷನ್ ಇತ್ತು.

ಪ್ರಿಂಟಿನಲ್ಲಿ ಇಲ್ಲದ್ದನ್ನು ಸೇರಿಸುವುದೆಂದರೆ ಸಮರ್ಥನಿಗೆ ಹುಚ್ಚು. ಅದಕ್ಕೆ ಅವನು 'ಎಕ್ಸ್‌ಟ್ರಾ ಡೀಟೇಲ್' ಎನ್ನುತ್ತಿದ್ದ. ಖಾಲಿ ರೀಫಿಲ್ಲಿನ ತುದಿಯಿಂದ ಒತ್ತಿ ಒತ್ತಿ ರೆಕ್ಕೆಯ ಮೇಲೆಲ್ಲ ಮೊಳೆಗಳ ಗುರುತು ಮೂಡಿಸಿದ್ದ. ಅಮ್ಮನ ಹೊಲಿಗೆ ಡಬ್ಬಿಯ ಕರಿ ದಾರ ರೇಡಿಯೋದ ಏರಿಯಲ್ ಆಗಿತ್ತು. ಹೊಸ ಶರ್ಟಿನ ಕಾಲರಿನೊಳಗೆ ಬಂದಿದ್ದ ಪ್ಲಾಸ್ಟಿಕ್ಕಿನಿಂದ ಪೈಲಟ್ ಕೂರುವ ಜಾಗಕ್ಕೆ ಮುಚ್ಚಳ ಮಾಡಿದ್ದ. ಅದನ್ನು ತೆಗೆಯಬಹುದಿತ್ತು, ಹಾಕಬಹುದಿತ್ತು. ಮೂತಿಯ ಎರಡು ಕಡೆಯೂ ಬರೀ ಚಿತ್ರವಾಗಿದ್ದ ಹೊಗೆ ಕೊಳವೆಗಳನ್ನು ಕಾಗದ ಸುತ್ತಿ ನಿಜವಾದ ಕೊಳವೆಗಳ ಹಾಗೆ ಮಾಡಿದ್ದ.

ಕೊನೆಯ ಡೀಟೇಲ್ ಎಂದರೆ ಹೆಸರು. ಆ ಕಾಲದ ಪೈಲಟ್‌ಗಳು ತಮಗೆ ಇಷ್ಟವಾದ ಹೆಸರನ್ನು ವಿಮಾನದ ಮೂತಿಯ ಮೇಲೆ ಬರೆಸುತ್ತಿದ್ದರು ಎಂದು ಸಮರ್ಥ ಎಲ್ಲೋ ಓದಿದ್ದ. ಬಲಗಡೆ ಅವನು 'ಟೈಗರ್' ಎಂದು ಬರೆದಾಗಿತ್ತು. ಎಡಗಡೆ ರೇವಣಸಿದ್ದನ ಪಾಲು.

ರೇವಣಸಿದ್ದ ತುಟಿ ಕಚ್ಚಿಕೊಂಡು, ಕೊಳವೆಗಳ ಕೆಳಗೆ, ಒತ್ತಕ್ಷರಗಳು ವಾಲದಂತೆ, ನಿಧಾನವಾಗಿ ಬರೆದ. ಅಕ್ಕವ್ವ.

"ಇದ್ಯಾರೋ? ಅಕ್ಕನೋ, ಅವ್ವನೋ?"

"ನಮ್ಮವ್ವನ ಹೆಸರು."

ಅವರ ಐದನೇ ಕ್ಲಾಸಿನಲ್ಲಿ ಯಾರೂ ಅಪ್ಪ ಅಮ್ಮನ ಹೆಸರು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಮುಗಿಯಿತು, ಆಮೇಲೆ ಅದೇ ಹೆಸರಿನಿಂದ ಎಲ್ಲರೂ ಕೂಗುತ್ತಿದ್ದರು. ಒಮ್ಮೆ ಕ್ಲಾಸಿನ ಪುರುಷೋತ್ತಮ ಎಂಬ ಹುಡುಗ ಸಮರ್ಥನ ಮಾರ್ಕ್ಸ್ ಕಾರ್ಡಿನಲ್ಲಿ ಅವನ ಅಪ್ಪನ ಹೆಸರನ್ನು ನೋಡಿಬಿಟ್ಟಿದ್ದ. ಅವತ್ತಿನಿಂದ ಆಟದ ಬಯಲಿನಲ್ಲಿ ಸಮರ್ಥನಿಗೆ 'ಚಕ್ರಪಾಣಿ' ಎಂದೇ ಹೆಸರು.

ರೇವಣಸಿದ್ದ ಬಾಗಲಕೋಟೆ ಕಡೆಯಿಂದ ಈ ವರ್ಷವಷ್ಟೇ ಬಂದಿದ್ದ. ಅವನ ಅಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಕೆಲಸ ಮಾಡುತ್ತಿದ್ದರು. ಅವನಿಗೆ ಈ ಕ್ಲಾಸಿನ ಕಾನೂನು ಗೊತ್ತಿರಲಿಲ್ಲ. ಸಮರ್ಥ ಅದನ್ನೆಲ್ಲ ವಿವರಿಸಿ ಹೇಳಿದ. ರೇವಣಸಿದ್ದ ನಕ್ಕುಬಿಟ್ಟ.

"ಕರೀಲಿ ಬಿಡೋ. ಅಕ್ಕವ್ವಾ ಅಂತ ಒದರಿದ್ರ ನಾ ಯಾಕ ಓ ಅನ್ನಲಿ? ಅಕಿ ಅಂತಾಳ."

ಅವ್ವ ಶನಿವಾರ ಅರ್ಧ ದಿನ ರಜೆ ಹಾಕಿ ಎಕ್ಸಿಬಿಷನ್ನಿಗೆ ಬರುತ್ತಾಳೆ, ವಿಮಾನದ ಮೇಲೆ ಅವಳ ಹೆಸರಿದೆ ಎಂದು ಈಗಲೇ ಹೋಗಿ ಹೇಳುತ್ತೇನೆ ಎನ್ನುತ್ತಾ ಅವನು ಚಪ್ಪಲಿ ಮೆಟ್ಟಿ ಓಡಿದ.

ಸಮರ್ಥ ವಿಮಾನದ ಮುಂದೆ ಕೂತೇ ಇದ್ದ. ಬಲಗಡೆಯಿಂದ ನೋಡಿದರೆ ಅದು ಸ್ಪಿಟ್‌ಫೈರ್. ಎಡಗಡೆಯಿಂದ ನೋಡಿದರೆ ಅವನಿಗೆ ಹಿಟ್ಟಿನ ಗಿರಣಿಯ ಬೋರ್ಡು ನೆನಪಾಗುತ್ತಿತ್ತು. 'ಏ ಚಕ್ರಪಾಣಿ, ನಿನ್ನ ಅಕ್ಕವ್ವ ಹಾರ್ತಾಳಾ?' ಎಂದು ಪುರುಷೋತ್ತಮ ಕೇಳುವುದು ಈಗಲೇ ಕಿವಿಗೆ ಬಿದ್ದಂತಾಯಿತು.

ಮಾರನೆಯ ದಿನ ಶುಕ್ರವಾರ. ಸ್ಕೂಲಿನಿಂದ ಬಂದವನೇ ಅವನು ಮತ್ತೆ ಕಾಗದ ಸುತ್ತತೊಡಗಿದ. ಗಮ್ ಮುಗಿದಿತ್ತು. ಅಮ್ಮ ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಸೌಟಿನಲ್ಲಿ ಮೈದಾ ಕಲಸಿ ಕಾಯಿಸಿ ಅಂಟು ಮಾಡಿಕೊಟ್ಟರು.

"ನಿನ್ನೇನೇ ಮುಗೀತು ಅಂದ್ರಲ್ಲೋ?"

"ಎಕ್ಸ್‌ಟ್ರಾ ಡೀಟೇಲ್ ಅಮ್ಮ."

ಅವನು ಎಡಗಡೆಯ ಕೊಳವೆಗಳ ಕೆಳಗೆ ಇನ್ನೊಂದು ಸಾಲು ಕೊಳವೆ ಅಂಟಿಸಿದ. ಅಕ್ಷರಗಳು ಒಂದೊಂದಾಗಿ ಮುಚ್ಚಿಹೋದವು. ನಿಜವಾದ ಸ್ಪಿಟ್‌ಫೈರಿನಲ್ಲಿ ಒಂದು ಕಡೆಗೆ ಒಂದೇ ಸಾಲು ಇರುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರೇವಣಸಿದ್ದನನ್ನು ಯಾರೂ ಅಣಕಿಸಬಾರದಲ್ಲ, ಅದಕ್ಕೇ ಮಾಡಿದ್ದು ಎಂದುಕೊಂಡ. ರಾತ್ರಿ ಊಟ ಮಾಡುವಾಗಲೂ ಅದನ್ನೇ ಇನ್ನೊಮ್ಮೆ ಅಂದುಕೊಂಡ.

ಶನಿವಾರ ಬೆಳಿಗ್ಗೆ ಡೆಸ್ಕಿನ ಮೇಲೆ ವಿಮಾನ ಇಟ್ಟಾಗ ರೇವಣಸಿದ್ದ ಎಡಗಡೆಗೆ ಬಂದು ನಿಂತ. ಹೊಸ ಕೊಳವೆಗಳ ಮೇಲೆ ಒಂದು ಸಲ ಬೆರಳಾಡಿಸಿದ. ಸಮರ್ಥ ಬಗ್ಗಿ ಶೂ ಲೇಸ್ ಕಟ್ಟಿಕೊಂಡ. ಅದು ಬಿಚ್ಚಿರಲೇ ಇಲ್ಲ.

ಪುರುಷೋತ್ತಮ ಬಂದ. "ಏ ಚಕ್ರಪಾಣಿ, ಇದು ಹಾರುತ್ತೇನೋ, ಇಲ್ಲ ಬರೀ ಬಿಲ್ಡಪ್ಪಾ?" ಎಂದ. ಹೆಸರು ಮುಚ್ಚಿದ್ದರಿಂದ ಏನೂ ಬದಲಾಗಿರಲಿಲ್ಲ.

ನೀಲಾಂಬಿಕಾ ಮಿಸ್ ಕನ್ನಡಕ ಸರಿಮಾಡಿಕೊಂಡು ವಿಮಾನವನ್ನು ಸುತ್ತಲೂ ನೋಡಿದರು. ಮೊಳೆಗಳ ಗುರುತನ್ನು ಮೆಚ್ಚಿಕೊಂಡರು. ಆಮೇಲೆ ಕೇಳಿದರು, "ಈ ಕಡೆ ಮಾತ್ರ ಎರಡು ಸಾಲು ಯಾಕೆ?"

"ಎಕ್ಸ್‌ಟ್ರಾ ಡೀಟೇಲ್ ಮಿಸ್," ಎಂದ ಸಮರ್ಥ. ಪ್ರತಿ ಸಲ ಹೆಮ್ಮೆಯಿಂದ ಹೇಳುತ್ತಿದ್ದ ಮಾತನ್ನು ಈಗ ಡೆಸ್ಕಿನ ಅಂಚು ನೋಡುತ್ತಾ ಹೇಳಿದ.

ಮಧ್ಯಾಹ್ನ ರೇವಣಸಿದ್ದನ ಅಮ್ಮ ಬಂದರು. ಕೊರಳಲ್ಲಿ ಇನ್ನೂ ಫ್ಯಾಕ್ಟರಿಯ ಐಡಿ ಕಾರ್ಡ್ ಇತ್ತು. ಸೆರಗಿಗೆ ಅಲ್ಲಲ್ಲಿ ನೂಲಿನ ಎಳೆ ಅಂಟಿತ್ತು. ಅವರು ಸೀದಾ ವಿಮಾನದ ಹತ್ತಿರ ಬಂದು ಬಗ್ಗಿದರು. ಬಲಗಡೆ ನೋಡಿ 'ಟೈ, ಗ, ರ್' ಎಂದು ಬಿಡಿಸಿ ಬಿಡಿಸಿ ಓದಿದರು. ಡೆಸ್ಕು ಸುತ್ತಿ ಎಡಗಡೆಗೆ ಬಂದರು. ರೆಕ್ಕೆ ನೋಡಿದರು, ಬಾಲ ನೋಡಿದರು, ಕೆಳಗೆ ಚಕ್ರದ ಹತ್ತಿರವೂ ಇಣುಕಿದರು. ಮತ್ತೆ ಬಲಗಡೆಗೆ ಹೋದರು.

ಸಮರ್ಥ ಕಿಟಕಿಯ ಕಡೆ ಮುಖ ಮಾಡಿ ನಿಂತ.

"ಎಲ್ಲೈತೋ ಸಿದ್ದ್ಯಾ?"

ರೇವಣಸಿದ್ದ ಒಂದು ಕ್ಷಣ ಸಮರ್ಥನ ಬೆನ್ನು ನೋಡಿದ. ಆಮೇಲೆ ಅಂದ, "ಒಳಗೈತಬೇ. ಪೈಲಟ್ ಕುಂದ್ರೋ ಜಾಗದಾಗ. ಹೊರಗ ಕಾಣಂಗಿಲ್ಲ."

"ಹೌದೇನು?" ಅವರು ಪ್ಲಾಸ್ಟಿಕ್ ಮುಚ್ಚಳವನ್ನು ಮುಟ್ಟದೆ ದೂರದಿಂದಲೇ ನೋಡಿದರು. "ಒಳಗಿದ್ರ ಚಲೋನ ಆತು. ಮಳಿ ಬಂದ್ರ ಅಳಸಂಗಿಲ್ಲ."

ಹೊರಡುವಾಗ ಅವರು ಸಮರ್ಥನ ಕೈಗೆ ಒಂದು ಶೇಂಗಾ ಉಂಡೆ ಇಟ್ಟರು. ಭಾಳ ಚಂದ ಮಾಡೀರಿ ತಮ್ಮಾ ಎಂದು ಕೆನ್ನೆ ಸವರಿದರು. ಸಮರ್ಥ ತಲೆ ಎತ್ತಲಿಲ್ಲ. ಉಂಡೆಯನ್ನು ತಿನ್ನಲೂ ಆಗಲಿಲ್ಲ, ಯಾರಿಗಾದರೂ ಕೊಡಲೂ ಆಗಲಿಲ್ಲ. ಜೇಬಿನಲ್ಲಿಟ್ಟುಕೊಂಡ.

ವಿಮಾನವನ್ನು ರಟ್ಟಿನ ಡಬ್ಬದಲ್ಲಿಟ್ಟು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಮನೆಗೆ ನಡೆದರು. ಸಮರ್ಥನ ಮನೆಯ ಗೇಟಿನ ಹತ್ತಿರ ರೇವಣಸಿದ್ದ ನಿಂತ.

"ಯಾಕ ಮುಚ್ಚಿದಿ?"

ಸಮರ್ಥನ ಹತ್ತಿರ ಉತ್ತರ ರೆಡಿ ಇತ್ತು. ಅವರು ನಿನ್ನನ್ನು ಅಣಕಿಸುತ್ತಾರೆ ಅಂತ, ನಿನ್ನ ಒಳ್ಳೇದಕ್ಕೇ ಅಂತ. ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ನಂಗೆ ನಾಚ್ಕೆ ಆಯ್ತು ಕಣೋ."

"ನಮ್ಮವ್ವನ ಹೆಸರಿಗಾ?"

ಸಮರ್ಥ ಡಬ್ಬ ಎತ್ತಿಕೊಂಡು ಒಳಗೆ ಹೋದ. ರೇವಣಸಿದ್ದ ಗೇಟು ದಾಟಿ ಬರಲಿಲ್ಲ.

ಬಚ್ಚಲಿನಲ್ಲಿ ಹತ್ತಿ ನೆನೆಸಿಕೊಂಡು ಬಂದು ಸಮರ್ಥ ಕೊಳವೆಗಳನ್ನು ಒಂದೊಂದಾಗಿ ಒದ್ದೆ ಮಾಡಿ ಬಿಡಿಸಿದ. ಕೆಳಗೆ ಹೆಸರು ಇರಲಿಲ್ಲ. ಮೈದಾ ಅಂಟಿನಲ್ಲಿ ಸ್ಕೆಚ್ ಪೆನ್ನಿನ ಶಾಯಿ ಕರಗಿ ಹರಡಿ, ಮೂತಿಯ ಮೇಲೆ ನೀಲಿ ಕಲೆಯೊಂದು ನಿಂತಿತ್ತು. ಅದರ ತುದಿಯಲ್ಲಿ ಒತ್ತಕ್ಷರದ ಬಾಲ ಮಾತ್ರ ಉಳಿದಿತ್ತು.

ಅವನು ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದ. ರೇವಣಸಿದ್ದ ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಅಳಿಸಿಹೋಯ್ತು."

ರೇವಣಸಿದ್ದ ಕಲೆಯನ್ನು ಬಹಳ ಹೊತ್ತು ನೋಡಿದ. ಕೆಳಗಿಳಿದ.

"ಒಳಗ ಬರಿ. ಪೈಲಟ್ ಕುಂದ್ರೋ ಕಡೆ. ಅವ್ವಗ ನಾ ಸುಳ್ಳು ಹೇಳಿದಂಗ ಆಗಬಾರ್ದು."

"ನೀನೇ ಬರಿಯೋ."

"ಇಲ್ಲ. ನೀ ಬರಿ."

ಸಮರ್ಥ ಪ್ಲಾಸ್ಟಿಕ್ ಮುಚ್ಚಳ ತೆಗೆದ. ಜಾಗ ಬೆರಳಿನಷ್ಟೇ ಅಗಲ. ಸ್ಕೆಚ್ ಪೆನ್ನು ಹಿಡಿಸಲಿಲ್ಲ, ಬಾಲ್ ಪೆನ್ನು ತಂದ. ಉಸಿರು ಹಿಡಿದು ಬರೆದ. ಅಕ್ಷರಗಳು ಸೊಟ್ಟಗಾದವು. ಒತ್ತಕ್ಷರ ಬರೆಯುವಾಗ ಕೈ ತಡೆದು ನಿಂತಿತು. ರೇವಣಸಿದ್ದ ಇದನ್ನು ಎಷ್ಟು ನಿಧಾನವಾಗಿ ಬರೆದಿದ್ದ ಎಂದು ನೆನಪಾಯಿತು.

ಜೇಬಿನ ಉಂಡೆ ಪುಡಿಯಾಗಿತ್ತು. ಇಬ್ಬರೂ ಅಂಗೈಯಲ್ಲಿ ಹಾಕಿಕೊಂಡು ತಿಂದರು. ಹೋಗುವಾಗ ರೇವಣಸಿದ್ದ, ನಾಳೆ ಅವ್ವನಿಗೆ ರಜೆ, ಇಲ್ಲಿಗೇ ಕರೆದುಕೊಂಡು ಬಂದು ಮುಚ್ಚಳ ತೆಗೆದು ತೋರಿಸುತ್ತೇನೆ ಎಂದ. ನಗಲಿಲ್ಲ, ಆದರೆ ಹೇಳಿದ.

ಸಂಜೆ ಅಮ್ಮ ಒಣಗಿದ ಬಟ್ಟೆ ಮಡಚುತ್ತಾ ಶೋಕೇಸಿನಲ್ಲಿ ಮೂತಿ ಮುಂದೆ ಮಾಡಿ ಇಟ್ಟಿದ್ದ ವಿಮಾನದ ಕಡೆ ನೋಡಿದರು. "ಇದೇನೋ ಇಷ್ಟು ದೊಡ್ಡ ಕಲೆ? ಅಂಟು ಇನ್ನೂ ಇದೆ. ಚೂರು ಬಿಳಿ ಕಾಗದ ಕತ್ತರಿಸಿ ಮುಚ್ಚಿಬಿಡು, ಗೊತ್ತಾಗಲ್ಲ."

ಸಮರ್ಥ ಎದ್ದು ಹೋಗಿ ವಿಮಾನವನ್ನು ಮೆಲ್ಲಗೆ ತಿರುಗಿಸಿದ. ಟೈಗರ್ ಗೋಡೆಯ ಕಡೆಗಾಯಿತು. ಕಲೆ ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ಬಂತು.

"ಬೇಡ ಅಮ್ಮ, ಇರ್ಲಿ," ಎಂದ.